ತೋಟಕ್ಕೊಂದು ನ್ಯಾಯ, ಮೈಗೊಂದು ನ್ಯಾಯ

ಆಟಿ ತಿಂಗಳಲ್ಲಿ ಎರಡು ದಿನ ಮಳೆ ಬಿಟ್ಟರೆ ನನ್ನ ಕ್ಲಿನಿಕ್ಕು ಖಾಲಿ. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ಬೆಳೆಗಾರರೆಲ್ಲ ತೋಟಕ್ಕೆ ಎರಡನೇ ಸಲ ಮದ್ದು ಬಿಡುವ ಗಡಿಬಿಡಿಯಲ್ಲಿರುತ್ತಾರೆ. ಮೂರನೇ ದಿನ ಮಳೆ ಹಿಡಿದ ಮೇಲೆ ಒಬ್ಬೊಬ್ಬರೇ ಬರುತ್ತಾರೆ, ಉಗುರಿನ ಸಂದಿಯಲ್ಲಿ ಮೈಲುತುತ್ತಿನ ನೀಲಿ ಇನ್ನೂ ಹೋಗಿರುವುದಿಲ್ಲ.

ಹಾಗೆ ಬಂದ ಹಿರಿಯರೊಬ್ಬರು ಕೂತವರೇ ಹೇಳಿದರು: "ಶೀತ, ಗಂಟಲು ಕೆರೆತ. ಮೂರು ದಿನದ್ದು ಒಂದು ಗುಳಿಗೆ ಉಂಟಲ್ಲ ಡಾಕ್ಟ್ರೇ, ಅದು ಬರೆದುಕೊಡಿ. ಈಗ ಚೀಟಿ ಇಲ್ಲದಿದ್ರೆ ಅಂಗಡಿಯಲ್ಲಿ ಕೊಡುದಿಲ್ಲ."

ಅವರು ಕೇಳಿದ್ದು ಅಜಿತ್ರೋಮೈಸಿನ್, ಬ್ಯಾಕ್ಟೀರಿಯಾಕ್ಕೆ ಕೊಡುವ ಮದ್ದು. ನಾನು ಕೇಳಿದೆ, "ಅಡಿಕೆಯ ಹಳದಿ ರೋಗಕ್ಕೆ ಬೋರ್ಡೋ ಬಿಡ್ತೀರಾ ಮಾರಾಯ್ರೆ?"

"ಎಂಥದು! ಬೋರ್ಡೋ ಕೊಳೆರೋಗಕ್ಕೆ. ಹಳದಿಗೆ ಬಿಟ್ರೆ ಮೈಲುತುತ್ತು ದಂಡ."

ಬೋರ್ಡೋ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ಸರಿಯಾಯಿತೋ ಎಂದು ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪಡರಿದರೆ ಇನ್ನಷ್ಟು ಸುಣ್ಣ ಹಾಕುವ ಸೂಕ್ಷ್ಮ ಈ ಜನಕ್ಕೆ ಗೊತ್ತು. ರೋಗ ಯಾವುದೆಂದು ನೋಡದೆ ಮರಕ್ಕೆ ಮದ್ದು ಬಿಡುವವರಲ್ಲ. ತಮ್ಮ ಮೈಯ ವಿಷಯ ಬಂದಾಗ ಮಾತ್ರ ಎಲ್ಲದಕ್ಕೂ ಅದೇ ಮೂರು ಗುಳಿಗೆ.

ಬ್ಯಾಕ್ಟೀರಿಯಾ ಎಂದರೆ ಸ್ವಂತ ಮನೆ, ಸ್ವಂತ ಅಡುಗೆ ಇರುವ ಜೀವಿ. ಉಂಡು ಬೆಳೆದು ಎರಡಾಗಿ ಸೀಳುತ್ತದೆ. ಹೊಟ್ಟೆಯ ಇ. ಕೋಲಿಗೆ ಅನುಕೂಲ ಸಿಕ್ಕಿದರೆ ಅದಕ್ಕೆ 20 ನಿಮಿಷ ಸಾಕು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹದಿನೈದು-ಇಪ್ಪತ್ತು ಗಂಟೆ ಬೇಕು. ಆ ನಿಧಾನವೂ ಸೇರಿ ಅದರ ಚಿಕಿತ್ಸೆ ಆರು ತಿಂಗಳು ಎಳೆಯುತ್ತದೆ. ಪೆನಿಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು. ನಮ್ಮ ಜೀವಕೋಶಕ್ಕೆ ಅಂಥ ಗೋಡೆ ಇಲ್ಲದ್ದರಿಂದ ನಾವು ಬಚಾವ್. ವೈರಸ್ಸಿಗೂ ಗೋಡೆಯಿಲ್ಲ, ಅಡುಗೆಯೂ ಇಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ನಮ್ಮದೇ ಒಲೆಯಲ್ಲಿ ತನ್ನ ನಕಲು ಬೇಯಿಸಿಕೊಳ್ಳುತ್ತದೆ. ಶೀತ ತರುವುದು ಇದು. ಇದರೆದುರು ಅಜಿತ್ರೋಮೈಸಿನ್ ಹಳದಿ ರೋಗಕ್ಕೆ ಬಿಟ್ಟ ಬೋರ್ಡೋದ ಹಾಗೆ.

ಶೀತವಾದರೆ ದಂಡ ಹೋದದ್ದು ಗುಳಿಗೆಯ ದುಡ್ಡು ಮಾತ್ರ ಅನ್ನಬಹುದು. ನನಗೆ ಹೆದರಿಕೆ ಜುಲೈ ತಿಂಗಳ ಜ್ವರದ್ದು. ಇಲಿಜ್ವರ, ಡೆಂಗ್ಯೂ ಎರಡೂ ಮೊದಲ ಎರಡು ದಿನ ಒಂದೇ ಮುಖ ಹೊತ್ತು ಬರುತ್ತವೆ: ಚಳಿ, ತಲೆನೋವು, ಮೈಕೈ ನೋವು. ಇಲಿಜ್ವರದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ. ಇಲಿಯ ಮೂತ್ರದಿಂದ ತೋಟದ ಕಣಿಯ, ಅಂದರೆ ಕಾಲುವೆಯ, ನೀರಿಗಿಳಿದು, ಕಾಲಿನ ಸಣ್ಣ ಗೀರಿನಿಂದ ಒಳಸೇರುತ್ತದೆ. ಮೀನಖಂಡ ಹಿಸುಕಿದರೆ ಕೂಗುವಷ್ಟು ನೋವು, ಕೀವಿಲ್ಲದೆ ಕೆಂಪಾದ ಕಣ್ಣು ಕಂಡರೆ ರಕ್ತದ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತೇನೆ. ಜೋರಿದ್ದರೆ ಆಸ್ಪತ್ರೆಗೆ ಕಳಿಸಿ ಪೆನಿಸಿಲಿನ್. ತಡವಾದರೆ ಮೂತ್ರಪಿಂಡ, ಯಕೃತ್ತು ಎರಡೂ ಕೆಡುತ್ತವೆ.

ಡೆಂಗ್ಯೂ ವೈರಸ್ಸು. ಬಿದ್ದ ಅಡಿಕೆ ಹಾಳೆ, ಚಿರಟೆ, ರಬ್ಬರ್ ಹಾಲಿನ ಕಪ್ಪಿನಲ್ಲಿ ನಿಂತ ನೀರಿನಲ್ಲಿ ಹುಟ್ಟಿ ಹಗಲು ಕಚ್ಚುವ ಸೊಳ್ಳೆ ಅದರ ವಾಹನ. ಆ ಸೊಳ್ಳೆಯ ಹೊಟ್ಟೆಯಲ್ಲೂ ವೈರಸ್ಸು ಎಂಟು-ಹನ್ನೆರಡು ದಿನ ಬೆಳೆದ ಮೇಲೆಯೇ ಕಚ್ಚಿದವರಿಗೆ ದಾಟುತ್ತದೆ. ಇದನ್ನು ಕೊಲ್ಲುವ ಮದ್ದಿಲ್ಲ. ಪ್ಯಾರಾಸಿಟಮಾಲ್, ಗಂಜಿ ನೀರು, ಎಳನೀರು, ದಿನಕ್ಕೊಮ್ಮೆ ರಕ್ತದ ಲೆಕ್ಕ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚೀತು. ಜ್ವರ ಬಿಟ್ಟ ದಿನ ಗುಣವಾಯಿತೆಂದು ತೋಟಕ್ಕೆ ಹೊರಡುವವರಿದ್ದಾರೆ. ಅಪಾಯದ ಹೊತ್ತು ಶುರುವಾಗುವುದೇ ಆಗ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆ ಗಳಿಗೆಯೇ ಆಸ್ಪತ್ರೆ ಸೇರಬೇಕು.

ಮಲೇರಿಯಾದ್ದು ಪರಾವಲಂಬಿ. ಅದರ ವೈವಾಕ್ಸ್ ಜಾತಿ ಯಕೃತ್ತಿನಲ್ಲಿ ನಿದ್ದೆ ಹೊಡೆದು ತಿಂಗಳುಗಳ ನಂತರ ಏಳುತ್ತದೆ. ಕ್ಲೋರೋಕ್ವಿನ್ ಮೂರು ದಿನ ತಿಂದು, ಪ್ರಿಮಾಕ್ವಿನ್ ಹದಿನಾಲ್ಕು ದಿನ ಮುಗಿಸದವರಲ್ಲಿ ಹಲವರು ಮತ್ತೆ ಬರುತ್ತಾರೆ.

ಶಿಲೀಂಧ್ರದ ಕಥೆ ಇನ್ನೂ ಬೇಸರದ್ದು. (ಕೊಳೆರೋಗದ ಜೀವಿಯೂ ಶಿಲೀಂಧ್ರದ ಹಾಗೆ ಕಾಣುತ್ತದೆ, ವಿಜ್ಞಾನಿಗಳ ಲೆಕ್ಕದಲ್ಲಿ ಮಾತ್ರ ಅದು ಪಾಚಿಯ ಕಡೆಯ ನೆಂಟ.) ಒದ್ದೆ ಬಟ್ಟೆಯಲ್ಲೇ ದುಡಿಯುವವರ ತೊಡೆಸಂದಿಯಲ್ಲಿ ಗಜಕರ್ಣ ಉಂಗುರ ಉಂಗುರವಾಗಿ ಹಬ್ಬುತ್ತದೆ. ಅಂಗಡಿಯಿಂದ ತಂದ ಟ್ಯೂಬಿನಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ತುರಿಕೆ ಎರಡೇ ದಿನದಲ್ಲಿ ಅಡಗುತ್ತದೆ, ಶಿಲೀಂಧ್ರ ಅಡಿಯಲ್ಲಿ ಹಾಯಾಗಿ ಬೆಳೆಯುತ್ತದೆ. ಶಿಲೀಂಧ್ರದ ಜೀವಕೋಶ ನಮ್ಮದನ್ನೇ ಹೋಲುವುದರಿಂದ ನಮಗೆ ತಾಗದೆ ಅದನ್ನಷ್ಟೇ ಹೊಡೆಯುವ ಮದ್ದುಗಳು ಕಡಿಮೆ. ಇದ್ದವೂ ಈಗೀಗ ಕೆಲವರಲ್ಲಿ ಹಿಡಿಯುತ್ತಿಲ್ಲ.

ಇಷ್ಟನ್ನೂ ಆ ಹಿರಿಯರಿಗೆ ಹೇಳಲಿಲ್ಲ, ಹೊರಗೆ ಆರು ಜನ ಕಾಯುತ್ತಿದ್ದರು. ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಲು ಹೇಳಿದೆ. ಎದ್ದವರು ಬಾಗಿಲಲ್ಲಿ ನಿಂತರು. "ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬಿಡ್ತೇವೆ. ಇಲಿಜ್ವರಕ್ಕೆ ಹಾಗೆ ಮುಂಚೆ ತಿನ್ನುವಂಥದ್ದು ಇಲ್ವಾ?"

ಉಂಟು. ಕೆಸರಲ್ಲಿ ದುಡಿಯುವ ದೊಡ್ಡವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ, ಊಟವಾದ ಮೇಲೆ, ದೊಡ್ಡ ಲೋಟ ನೀರಿನೊಂದಿಗೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕೂಡದು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ ಅಂದೆ.

"ನನಗೆ ಬೇಡ, ನಾನು ಕಣಿಗೆ ಇಳಿಯುದಿಲ್ಲ. ಇಬ್ಬರು ಆಳುಗಳಿದ್ದಾರೆ, ಅವರನ್ನು ಕಳಿಸ್ತೇನೆ," ಎಂದು ಕೊಡೆ ಬಿಡಿಸಿ ಹೋದರು.