ಎಸ್ಪೆರಾಂಟೊ: ಗುಪ್ತನಾಮವೇ ಭಾಷೆಯ ಹೆಸರಾದದ್ದು

ಎಸ್ಪೆರಾಂಟೊ ಅಂದರೆ ‘ಭರವಸೆ ಇಟ್ಟುಕೊಂಡಿರುವವರು’. ಮೊದಲಿಗೆ ಇದು ಭಾಷೆಯ ಹೆಸರೇ ಆಗಿರಲಿಲ್ಲ.

ಪೋಲೆಂಡಿನ ಕಣ್ಣಿನ ಡಾಕ್ಟರು ಎಲ್. ಎಲ್. ಜಾಮೆನ್‌ಹಾಫ್ ತಾವು ಕಟ್ಟಿದ ಹೊಸ ಭಾಷೆಯನ್ನು ಪರಿಚಯಿಸಲು 1887ರಲ್ಲಿ ವಾರ್ಸಾದಲ್ಲಿ ಒಂದು ಪುಟ್ಟ ಪುಸ್ತಕ ಹೊರತಂದರು. ಭಾಷೆಯನ್ನು ಅವರು ಕರೆದದ್ದು ‘ಅಂತರರಾಷ್ಟ್ರೀಯ ಭಾಷೆ’ ಎಂದಷ್ಟೇ. ಲೇಖಕರ ಹೆಸರಿನ ಜಾಗದಲ್ಲಿ ಮಾತ್ರ ‘ಡಾಕ್ಟರ್ ಎಸ್ಪೆರಾಂಟೊ’ ಎಂಬ ಗುಪ್ತನಾಮ ಹಾಕಿಕೊಂಡರು. ಜನ ‘ಡಾಕ್ಟರ್ ಎಸ್ಪೆರಾಂಟೊ ಅವರ ಭಾಷೆ’ ಅನ್ನುತ್ತಾ ಅನ್ನುತ್ತಾ ಡಾಕ್ಟರು ಬಿದ್ದುಹೋಗಿ ಎಸ್ಪೆರಾಂಟೊ ಉಳಿಯಿತು.

ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಎಸ್ಪೆರ್’ ಅಂದರೆ ಭರವಸೆ ಇಡು. ಲ್ಯಾಟಿನ್ ಮೂಲದ ಧಾತು ಇದು. ಫ್ರೆಂಚ್, ಸ್ಪ್ಯಾನಿಷ್‌ಗಳಲ್ಲೂ ಇದರ ಬಂಧುಗಳಿವೆ. ‘ಆಂಟ್’ ಸೇರಿದರೆ ಆ ಕೆಲಸ ಈಗ ನಡೆಯುತ್ತಿದೆ ಎಂದರ್ಥ. ಕೊನೆಯ ‘ಒ’ ನಾಮಪದದ ಗುರುತು. ಇದೇ ಅಚ್ಚಿನಲ್ಲಿ ‘ಪಾರೋಲಾಂಟೊ’ ಅಂದರೆ ಮಾತಾಡುತ್ತಿರುವವರು, ‘ಲೆರ್ನಾಂಟೊ’ ಅಂದರೆ ಕಲಿಯುತ್ತಿರುವವರು. ‘ಆಂಟ್’ ತೆಗೆದು ‘ಇಂಟ್’ ಹಾಕಿದರೆ ಭೂತಕಾಲ, ‘ಓಂಟ್’ ಹಾಕಿದರೆ ಭವಿಷ್ಯತ್ಕಾಲ. ಓದಿದವರು, ಓದುತ್ತಿರುವವರು, ಓದಲಿರುವವರು ಅನ್ನುವ ನಮಗೆ ಇದೇನೂ ಹೊಸತಲ್ಲ. ಆದರೆ ಅಲ್ಲಿ ನಮ್ಮ ‘ಅವನು’, ‘ಅವಳು’ ತಾಪತ್ರಯವಿಲ್ಲ. ಗಂಡಿಗೂ ಹೆಣ್ಣಿಗೂ ‘ಆಂಟೊ’ ಒಂದೇ.

‘ಎಸ್ಪೆರೊ’ ಅಂದಿದ್ದರೆ ಬರೀ ‘ಭರವಸೆ’ ಎಂದಾಗುತ್ತಿತ್ತು. ಅದಕ್ಕಿಂತ ‘ಆಂಟ್’ ಇರುವ ಹೆಸರೇ ನನಗೆ ಜಾಸ್ತಿ ಇಷ್ಟ. ಅದರಲ್ಲಿ ಒಬ್ಬ ಮನುಷ್ಯ ಇದ್ದಾನೆ, ಇನ್ನೂ ಕಾಯುತ್ತಿದ್ದಾನೆ.

ಆ ಭರವಸೆ ಹುಟ್ಟಿದ ಊರು ಈಗಿನ ಪೋಲೆಂಡಿನ ಬಿಯಾವಿಸ್ಟಾಕ್. ಜಾಮೆನ್‌ಹಾಫ್ 1859ರಲ್ಲಿ ಹುಟ್ಟಿದಾಗ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು. ಪೋಲಿಷ್, ರಷ್ಯನ್, ಜರ್ಮನ್, ಯಹೂದಿಗಳ ಮಾತಾದ ಯಿಡ್ಡಿಷ್ ಆಡುವವರೆಲ್ಲ ಅಲ್ಲಿದ್ದರು, ಆದರೆ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಬೀದಿಯಲ್ಲಿ ಕಂಡ ಈ ಹಗೆಗೆ ಭಾಷೆಯ ಗೋಡೆಯೇ ಮುಖ್ಯ ಕಾರಣ ಎಂದು ಹುಡುಗನಾಗಿದ್ದಾಗಲೇ ಅವರಿಗೆ ಅನಿಸಿತ್ತು.

ನಮ್ಮ ಕಾಸರಗೋಡನ್ನೂ ಸಪ್ತಭಾಷೆಗಳ ನಾಡು ಅನ್ನುತ್ತೇವಲ್ವಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಇಷ್ಟು ಭಾಷೆಗಳ ನಡುವೆ ಸಲೀಸಾಗಿ ಓಡಾಡುವವರು ನಾವು. ಆದರೂ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಕಚೇರಿಯ ಅರ್ಜಿ ಓದಿಸಲು ಇನ್ನೊಬ್ಬರ ಮುಂದೆ ನಿಲ್ಲುವ ಕಷ್ಟ ಇಲ್ಲಿನ ಎಷ್ಟೋ ಕನ್ನಡದ ಹಿರಿಯರಿಗೆ ಗೊತ್ತು. ಅದಕ್ಕೇ ಜಾಮೆನ್‌ಹಾಫ್ ಹೇಳಿದ ಒಂದು ಮಾತು ನಮಗೆ ಹತ್ತಿರದ್ದು: ಎಸ್ಪೆರಾಂಟೊ ಯಾರ ಮನೆಮಾತನ್ನೂ ಕಿತ್ತುಕೊಳ್ಳಬಾರದು, ಎಲ್ಲರಿಗೂ ಎರಡನೆಯ ಭಾಷೆಯಾಗಿ ಇರಬೇಕು.