ದೇವರೇ ಕೊಟ್ಟ ಜ್ಞಾನವಿದ್ದೂ ಸೊಲೊಮೋನ ಎಡವಿದ್ದೇಕೆ?

ಪ್ರಶ್ನೆ: ಜ್ಞಾನ ದೇವರ ವರ ಎನ್ನುತ್ತದೆ ಬೈಬಲ್. ಇಸ್ರಾಯೇಲಿನ ಅರಸ ಸೊಲೊಮೋನನಿಗೆ ಅದು ಯಾರಿಗೂ ಸಿಗದಷ್ಟು ಸಿಕ್ಕಿತೆಂದೂ ಹೇಳುತ್ತದೆ. ಅಂಥವನು ಮುಪ್ಪಿನಲ್ಲಿ ಅನ್ಯದೇವತೆಗಳ ಹಿಂದೆ ಹೋದದ್ದು ಹೇಗೆ? ವರವೇ ಸುಳ್ಳಾಯಿತೆ?

ಉತ್ತರ: ಸೊಲೊಮೋನ ಬೇಡಿದ್ದು ಏನನ್ನು ಎಂಬುದನ್ನು ಮೊದಲು ನೋಡೋಣ. ಗಿಬ್ಯೋನ್ ಎಂಬ ಊರಿನಲ್ಲಿ ಕನಸಿನಲ್ಲಿ ಕಾಣಿಸಿಕೊಂಡ ದೇವರು ಏನು ಬೇಕೋ ಕೇಳಿಕೋ ಎಂದಾಗ, ಆ ಹೊಸ ಅರಸ ತಾನಿನ್ನೂ ಏನೂ ಅರಿಯದ ಹುಡುಗ ಎಂದು ಒಪ್ಪಿಕೊಳ್ಳುತ್ತಾನೆ. ಆಮೇಲೆ ಅವನು ಬೇಡುವುದನ್ನು ನಾವು 'ವಿವೇಕ' ಎಂದು ಓದಿಕೊಂಡು ಮುಂದೆ ಹೋಗುತ್ತೇವೆ. ಹೀಬ್ರೂ ಮೂಲದಲ್ಲಿರುವುದು 'ಕೇಳುವ ಹೃದಯ' (1 ಅರಸುಗಳು 3:9).

ಇದು ಕನ್ನಡಿಗರಿಗೆ ಬೇಗ ಅರ್ಥವಾಗಬೇಕು. 'ಹೇಳಿದ ಮಾತು ಕೇಳು' ಎಂದು ಮಗುವಿಗೆ ಹೇಳುವಾಗ ನಾವು ಅದರ ಕಿವಿಯ ಬಗ್ಗೆ ಮಾತಾಡುತ್ತಿರುವುದಿಲ್ಲ. ಹೀಬ್ರೂವಿನ 'ಶಮಾ' ಎಂಬ ಕ್ರಿಯಾಪದಕ್ಕೂ ಹೀಗೆಯೇ ಎರಡು ಮುಖ: ಕಿವಿಗೊಡುವುದು, ಹೇಳಿದಂತೆ ನಡೆಯುವುದು. ನಮ್ಮ 'ಕೇಳು'ವಿಗೆ ಬೇಡುವುದು ಎಂಬ ಮೂರನೆಯ ಅರ್ಥವೂ ಉಂಟು. ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಿಕೊಳ್ಳಲಿ, ಆತನು ಹಂಗಿಸದೆ ಎಲ್ಲರಿಗೂ ಕೊಡುತ್ತಾನೆ ಎಂದು ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರ (1:5) ಹೇಳುವಾಗ ಕನ್ನಡದ ಓದುಗನಿಗೆ ಸಿಗುವ ಲಾಭ ಅದು.

ಅಂದರೆ ಸೊಲೊಮೋನನಿಗೆ ಸಿಕ್ಕಿದ್ದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಆಸ್ತಿಯಲ್ಲ. ಬೈಬಲಿನ ವಿಮೋಚನಕಾಂಡದಲ್ಲಿ ಬೆಚಲೇಲ ಎಂಬ ಕುಶಲಕರ್ಮಿ ಬರುತ್ತಾನೆ. ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ ದೇವರು ಅವನಲ್ಲಿ ತುಂಬಿದ್ದೂ ಇದೇ ಜ್ಞಾನ. ಹೀಬ್ರೂವಿನಲ್ಲಿ ಪದವೂ ಒಂದೇ, 'ಹೊಖ್ಮಾ'. ಆಡಿನ ಕೂದಲನ್ನು ನೂತ ಹೆಂಗಸರ ಜಾಣ್ಮೆಗೂ ಅದೇ ಹೆಸರು. ವೇದಾಂತದ 'ಜ್ಞಾನ'ವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಇಲ್ಲಿ ದಾರಿ ತಪ್ಪುತ್ತೇವೆ. ಇದು ಕೈ ಬಿಟ್ಟರೆ ಮರೆತುಹೋಗುವಂಥ ವಿದ್ಯೆ.

ಸೊಲೊಮೋನ ಕೈ ಬಿಟ್ಟದ್ದು ಎಲ್ಲಿ? ಧರ್ಮೋಪದೇಶಕಾಂಡದ 17ನೆಯ ಅಧ್ಯಾಯ ಅರಸನಿಗೆ ಮೂರು ಕಟ್ಟಳೆ ಹಾಕುತ್ತದೆ: ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರ ಕೂಡಿಡಬಾರದು. ಜೊತೆಗೆ ಧರ್ಮಶಾಸ್ತ್ರದ ಒಂದು ನಕಲನ್ನು ಬರೆಸಿಕೊಂಡು ಬದುಕಿರುವ ತನಕ ಓದುತ್ತಿರಬೇಕು. ಈಗ 1 ಅರಸುಗಳು 10 ಮತ್ತು 11ನ್ನು ಪಕ್ಕದಲ್ಲಿಟ್ಟುಕೊಳ್ಳಿ. ವರ್ಷಕ್ಕೆ 666 ತಲಾಂತು (ಹಳೆಯ ಕಾಲದ ತೂಕದ ಅಳತೆ) ಬಂಗಾರ, 1,400 ರಥಗಳು, ಐಗುಪ್ತದಿಂದ (ಈಜಿಪ್ಟ್) ಕುದುರೆಗಳು, 700 ರಾಣಿಯರು, 300 ಉಪಪತ್ನಿಯರು. ಬಂಗಾರ, ಕುದುರೆಗಳ ವಿಷಯದಲ್ಲಿ ಬರೆದವನು ಬಯ್ಯುವುದಿಲ್ಲ, ಲೆಕ್ಕ ಒಪ್ಪಿಸುತ್ತಾನೆ, ಅಷ್ಟೆ. ಮುಪ್ಪಿನಲ್ಲಿ ಹೆಂಡತಿಯರು ಅವನ ಹೃದಯವನ್ನು ತಿರುಗಿಸಿದರು ಎನ್ನುತ್ತಾನೆ. ಗಿಬ್ಯೋನಿನಲ್ಲಿ ಬೇಡಿದ್ದ ಅದೇ ಹೃದಯ. ತಪ್ಪನ್ನು ಹೆಂಡತಿಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರಿದ್ದಾರೆ. ದೇವರಾದ ಯೆಹೋವನ ಕೋಪ ಮಾತ್ರ ಸೊಲೊಮೋನನ ಮೇಲೆಯೇ, ಎರಡು ಸಲ ದರ್ಶನ ಕೊಟ್ಟರೂ ಅವನು ಕೇಳಲಿಲ್ಲವೆಂದು.

ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಸೊಲೊಮೋನನ ಹೆಸರಿನಲ್ಲೇ ಇರುವ ಜ್ಞಾನೋಕ್ತಿಗಳಲ್ಲಿ (19:27) ಉಪದೇಶ ಕೇಳುವುದನ್ನು ನಿಲ್ಲಿಸಿದವನು ಅರಿವಿನ ಮಾತುಗಳಿಂದ ದೂರವಾಗುತ್ತಾನೆ ಎಂಬ ಎಚ್ಚರಿಕೆ ಇದೆ.

ವರ ಸುಳ್ಳಾಗಲಿಲ್ಲ. ಅದು ಹೊಸದಾಗಿದ್ದಾಗ ಒಂದೇ ಕೂಸಿಗಾಗಿ ಜಗಳವಾಡುತ್ತಿದ್ದ ಇಬ್ಬರು ವೇಶ್ಯೆಯರ ಮಾತನ್ನೂ ಅರಸ ಕೊನೆಯವರೆಗೆ ಕೇಳಿದ, ಕೂಸನ್ನು ಸೀಳಿ ಹಂಚಿ ಎಂದು ಕತ್ತಿ ತರಿಸಿ ನಿಜವಾದ ತಾಯಿಯನ್ನು ಗುರುತಿಸಿ ಕೂಸನ್ನು ಉಳಿಸಿದ. ಕೊನೆಗಾಲದಲ್ಲಿ, ರಾಜ್ಯದ ಹತ್ತು ಕುಲಗಳು ಅವನ ಅಧಿಕಾರಿಯಾಗಿದ್ದ ಯಾರೊಬ್ಬಾಮನ ಪಾಲಾಗುತ್ತವೆ ಎಂದು ಪ್ರವಾದಿಯೊಬ್ಬ ನುಡಿದ ಮೇಲೆ, ಅದೇ ಅರಸ ಯಾರೊಬ್ಬಾಮನನ್ನು ಕೊಲ್ಲಲು ನೋಡಿದ. ಯಾರೊಬ್ಬಾಮ ಐಗುಪ್ತಕ್ಕೆ ಓಡಿಹೋಗಿ, ಸೊಲೊಮೋನ ಸಾಯುವವರೆಗೂ ಅಲ್ಲೇ ಇದ್ದ.