ಸತ್ತವರ ಹೆಸರನ್ನು ಕಾಲಡಿ ಹಾಕೋದು ತಪ್ಪಲ್ವಾ?

ಪ್ರಶ್ನೆ: ಹಂಗೇರಿಯ ಊರುಗಳಲ್ಲಿ ಫುಟ್‌ಪಾತಿನ ಕಲ್ಲುಗಳ ಮಧ್ಯೆ ಸಣ್ಣ ಸಣ್ಣ ಹಿತ್ತಾಳೆ ಫಲಕಗಳಿವೆಯಂತೆ. ನಾಜಿಗಳ ಕಾಲದಲ್ಲಿ ಕೊಲೆಯಾದ ಯಹೂದಿಗಳ ಹೆಸರು ಅದರ ಮೇಲಿರುತ್ತದಂತೆ. ಜನ ತುಳಿದುಕೊಂಡು ಓಡಾಡುವ ಜಾಗದಲ್ಲಿ ಸತ್ತವರ ಹೆಸರು ಹಾಕೋದು ಅವಮಾನ ಅಲ್ವಾ? ಗೋಡೆ ಮೇಲೆ ಹಾಕಬಹುದಿತ್ತಲ್ಲ?

ಉತ್ತರ: ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು, ಹಾಗಾಗಿ ಈ ಪ್ರಶ್ನೆ ನಮಗೆ ಮೊದಲು ಹೊಳೆಯುತ್ತದೆ. ಆದರೆ ಇದು ನಮ್ಮೊಬ್ಬರ ಅನುಮಾನ ಅಂದುಕೊಳ್ಳಬೇಡಿ. ಯುರೋಪಿನಲ್ಲೇ ಇದರ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಜಗಳ ನಡೆದಿದೆ, ಅದೂ ಯಹೂದಿಗಳ ನಡುವೆಯೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಂಗೇರಿಯ ಮಟ್ಟಿಗೆ ಆ ಕಲ್ಲು ಇರಬೇಕಾದ ಜಾಗ ನೆಲವೇ. ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಮೊದಲು ಅದು ಏನು ಅಂತ ನೋಡೋಣ. ಹತ್ತು ಸೆಂಟಿಮೀಟರಿನ ಒಂದು ಕಾಂಕ್ರೀಟ್ ಘನ, ಅಂಗೈಯಲ್ಲಿ ಕೂರುವಷ್ಟು. ಅದರ ತಲೆ ಮೇಲೆ ಹಿತ್ತಾಳೆ ತಗಡು. ಅಕ್ಷರಗಳನ್ನು ಯಂತ್ರದಲ್ಲಿ ಅಚ್ಚು ಹಾಕುವುದಿಲ್ಲ, ಒಂದೊಂದೇ ಅಕ್ಷರದ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಹೀಗಾಗಿ ಸಾಲು ಒಮ್ಮೊಮ್ಮೆ ಕೊಂಚ ಏರಿಳಿದಿರುತ್ತದೆ. ಫುಟ್‌ಪಾತಿನಲ್ಲಿ ಅಷ್ಟಗಲ ಅಗೆದು, ನೆಲದ ಮಟ್ಟಕ್ಕೆ ಸರಿಯಾಗಿ ಕೂರಿಸುತ್ತಾರೆ. ಎಡವಿ ಬೀಳುವ ಹಾಗೆ ಏನೂ ಇರುವುದಿಲ್ಲ. ಹೆಸರು ಮಾತ್ರ ಎಡವುಗಲ್ಲು, ಹಂಗೇರಿಯವರು ಬೊತ್ಲಾತೋಕೋ ಅನ್ನುತ್ತಾರೆ.

ಇದನ್ನು ಶುರು ಮಾಡಿದವರು ಗುಂಟರ್ ಡೆಮ್ನಿಗ್ ಎಂಬ ಜರ್ಮನ್ ಕಲಾವಿದ. 1992ರಲ್ಲಿ ಕೊಲೋನ್ ನಗರದಲ್ಲಿ ಮೊದಲ ಕಲ್ಲು, 1996ರಲ್ಲಿ ಬರ್ಲಿನ್‌ನಲ್ಲಿ ಒಂದಷ್ಟು, ಆಮೇಲೆ ದೇಶ ದೇಶ ದಾಟಿ 2023ರಲ್ಲಿ ಲೆಕ್ಕ ಒಂದು ಲಕ್ಷ ಮುಟ್ಟಿತು. ಹಂಗೇರಿಗೆ ಬಂದಿದ್ದು 2007ರಲ್ಲಿ, ಬುಡಾಪೆಸ್ಟ್‌ನ ರಾದೈ ಬೀದಿಗೆ. ಒಬ್ಬರಿಗೆ ಒಂದೇ ಕಲ್ಲು. ಒಂದು ಮನೆಯಿಂದ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹೋಗಿದ್ದರೆ ಅಕ್ಕಪಕ್ಕ ನಾಲ್ಕು ಕಲ್ಲು. ಅದರಲ್ಲೊಬ್ಬರು ಬದುಕಿ ಉಳಿದಿದ್ದರೂ ಅವರ ಕಲ್ಲನ್ನು ಅಲ್ಲೇ ಜೊತೆಗೆ ಹಾಕುವುದುಂಟು, ಚದುರಿಹೋದ ಮನೆಯವರು ಕಲ್ಲಲ್ಲಾದರೂ ಒಟ್ಟಿಗಿರಲಿ ಅಂತ. ಯಹೂದಿಗಳಿಗಷ್ಟೇ ಅಲ್ಲ, ಜಿಪ್ಸಿಗಳು ಅಂತ ಕರೆಯುವ ರೋಮಾ ಜನರಿಗೆ, ಸಲಿಂಗಿಗಳಿಗೆ, ಅಂಗವಿಕಲರಿಗೆ, ರಾಜಕೀಯ ಕೈದಿಗಳಿಗೆ, ಹೀಗೆ ನಾಜಿಗಳು ಬೇಟೆಯಾಡಿದ ಯಾರಿಗೇ ಆದರೂ ಹಾಕುತ್ತಾರೆ. ಖರ್ಚು ಕೊಡೋದು ಸಾಮಾನ್ಯವಾಗಿ ಸಂಬಂಧಿಕರು, ಶಾಲೆಯ ಮಕ್ಕಳು, ಇಲ್ಲಾ ಈಗ ಆ ಮನೆಯಲ್ಲಿರುವವರೇ. ಜರ್ಮನಿಯಲ್ಲಿ ಬಹಳ ವರ್ಷ ಒಂದು ಕಲ್ಲಿಗೆ 120 ಯೂರೋ ಇತ್ತು.

ಈಗ ತುಳಿಯುವ ವಿಷಯಕ್ಕೆ ಬರೋಣ.

ಇದನ್ನು ಜೋರಾಗಿ ವಿರೋಧಿಸಿದವರು ಶಾರ್ಲೊಟ್ ಕ್ನೋಬ್ಲೋಖ್. ಮ್ಯೂನಿಕ್‌ನ ಯಹೂದಿ ಸಮುದಾಯದ ಮುಖ್ಯಸ್ಥೆ, ಚಿಕ್ಕ ಹುಡುಗಿಯಾಗಿದ್ದಾಗ ಹಳ್ಳಿಯೊಂದರಲ್ಲಿ ಅಡಗಿ ಬದುಕಿಕೊಂಡವರು. ಸತ್ತವರನ್ನು ಮತ್ತೊಮ್ಮೆ ಕಾಲಲ್ಲಿ ತುಳಿಯುವಂತೆ ಆಗುತ್ತದೆ ಅನ್ನೋದು ಅವರ ವಾದ. ಮ್ಯೂನಿಕ್ ನಗರಸಭೆ ಅವರ ಮಾತಿಗೆ ಬೆಲೆ ಕೊಟ್ಟು 2004ರಲ್ಲಿ ಸಾರ್ವಜನಿಕ ಜಾಗದಲ್ಲಿ ಈ ಕಲ್ಲು ಬೇಡ ಎಂದಿತು, 2015ರಲ್ಲಿ ಅದನ್ನೇ ಮತ್ತೆ ಗಟ್ಟಿ ಮಾಡಿತು. ಅಲ್ಲಿ 2018ರಿಂದ ಗೋಡೆ ಫಲಕ, ಕಂಬ ಹಾಕುತ್ತಿದ್ದಾರೆ. ಅಂದರೆ ನೀವು ಕೇಳಿದ ಗೋಡೆ ಮ್ಯೂನಿಕ್‌ನಲ್ಲಿದೆ. ಆ ಕಾಲವನ್ನು ಸ್ವತಃ ಅನುಭವಿಸಿದವರ ಮಾತನ್ನು ಸುಮ್ನೆ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ನಾಜಿಗಳು ಯಹೂದಿ ಸಮಾಧಿಗಳ ಕಲ್ಲು ಕಿತ್ತು ರಸ್ತೆಗೆ ಹಾಸಿದ್ದೂ ಇದೆ ಅನ್ನೋದು ನೆನಪಿದ್ದರೆ ಅವರ ಸಿಟ್ಟು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಡೆಮ್ನಿಗ್ ಕೊಡುವ ಉತ್ತರ ಬೇರೆ. ಓದಬೇಕಾದರೆ ತಲೆ ಬಗ್ಗಿಸಲೇಬೇಕು, ಬಗ್ಗಿದ್ದೇ ನಮಸ್ಕಾರ. ಜನ ನಡೆದಷ್ಟೂ ಹಿತ್ತಾಳೆ ಹೊಳೆಯುತ್ತದೆ, ಯಾರೂ ನಡೆಯದ ಕಡೆ ಕಪ್ಪಾಗುತ್ತದೆ. ನಮ್ಮ ಕೆಲವು ದೇವಸ್ಥಾನಗಳ ನೆಲದಲ್ಲಿ ಸಾಷ್ಟಾಂಗ ಬಿದ್ದ ಭಕ್ತನ ಚಿತ್ರ ಕೆತ್ತಿರುತ್ತಾರಲ್ಲ, ಬರುವ ಭಕ್ತರ ಪಾದದ ಧೂಳು ತಾಗಲಿ ಅಂತ, ಅದನ್ನು ಕಂಡವರಿಗೆ ಈ ವಾದ ಹೊಸದೇನಲ್ಲ. ಆದರೂ ಒಂದು ವ್ಯತ್ಯಾಸ ಇದೆ: ಆ ಭಕ್ತ ತಾನಾಗಿ ಮಲಗಿದ್ದು, ಈ ಕಲ್ಲಿನ ಮೇಲಿರುವವರನ್ನು ಯಾರೂ ಕೇಳಿಲ್ಲ. ಹಾಗಾಗಿ ಬರೀ ಗೌರವ, ಅಗೌರವ ಅಂತ ತೂಗುತ್ತಾ ಕೂತರೆ ಈ ಜಗಳ ಬಗೆಹರಿಯುವುದಿಲ್ಲ.

ಬಗೆಹರಿಸುವುದು ಒಂದು ತೀರಾ ವ್ಯಾವಹಾರಿಕ ವಿಷಯ. ಗೋಡೆ ಮನೆ ಮಾಲೀಕನದು, ಫುಟ್‌ಪಾತ್ ಊರಿನದು. ಗೋಡೆಗೆ ಫಲಕ ಹೊಡೆಯಬೇಕಾದರೆ ಈಗಿನ ಮಾಲೀಕ ಒಪ್ಪಬೇಕು. ಎಷ್ಟೋ ಜನ ಒಪ್ಪುವುದಿಲ್ಲ. ಮನೆ ಬೆಲೆ ಬೀಳುತ್ತೆ ಅನ್ನೋರು, ನಮಗ್ಯಾಕೆ ಆ ಹಳೇ ಕಥೆ ಅನ್ನೋರು, ಆ ಮನೆ ತಮ್ಮ ಅಜ್ಜನ ಕೈಗೆ ಹೇಗೆ ಬಂತು ಅಂತ ಕೇಳಿಸಿಕೊಳ್ಳೋಕೇ ಇಷ್ಟವಿಲ್ಲದವರು, ಎಲ್ಲಾ ಥರದವರೂ ಇದ್ದಾರೆ. ಫುಟ್‌ಪಾತಿಗಾದರೆ ನಗರಸಭೆಯ ಅನುಮತಿ ಸಾಕು. ಹೀಗಾಗಿ ಮಾಲೀಕನ ಹಂಗಿಲ್ಲದೆ ಆ ಬಾಗಿಲ ಎದುರಿಗೇ ಹೋಗಿ ನಿಲ್ಲುವ ಸುಲಭದ ದಾರಿ ನೆಲ. ಮತ್ತೆ ಈ ಕಲ್ಲಿಗೆ ಆ ಬಾಗಿಲೇ ಮುಖ್ಯ. ಅದರ ಮೊದಲ ಸಾಲು 'ಇಲ್ಲಿ ವಾಸವಿದ್ದರು'. ಸತ್ತಿದ್ದು ಎಲ್ಲೋ ನೂರಾರು ಕಿಲೋಮೀಟರ್ ದೂರ, ಆದರೆ ಹಿಡಿದುಕೊಂಡು ಹೋಗಿದ್ದು ಇಲ್ಲಿಂದ, ಪಕ್ಕದ ಮನೆಯವರು ನೋಡುತ್ತಿದ್ದಾಗ.

ಹಂಗೇರಿಯಲ್ಲಿ ಈ ಮಾತು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ಅಲ್ಲಿ ಎಲ್ಲವೂ ನಡೆದಿದ್ದು ಬಹಳ ತಡವಾಗಿ ಮತ್ತು ಬಹಳ ಬೇಗ. ಯಹೂದಿಗಳ ವಿರುದ್ಧದ ಕಾನೂನುಗಳು 1938ರಿಂದಲೇ ಒಂದರ ಹಿಂದೆ ಒಂದು ಬಂದಿದ್ದವು. ದೇಶದುದ್ದಕ್ಕೂ ಸಾಮೂಹಿಕ ಸಾಗಾಟ ಮಾತ್ರ 1944ರವರೆಗೆ ಶುರುವಾಗಿರಲಿಲ್ಲ. ಆ ವರ್ಷ ಮಾರ್ಚ್ 19ಕ್ಕೆ ಜರ್ಮನ್ ಸೇನೆ ಒಳಗೆ ಬಂತು. ಏಪ್ರಿಲ್ 5ರಿಂದ ಕೋಟಿನ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಅದೇ ತಿಂಗಳ ಮಧ್ಯದಿಂದ ಘೆಟ್ಟೋ, ಅಂದರೆ ಯಹೂದಿಗಳನ್ನು ಕೂಡಿಹಾಕುವ ಕೇರಿ. ಮೇ 15ರಿಂದ ರೈಲು. ಜುಲೈ 9ರ ಹೊತ್ತಿಗೆ, ಎರಡು ತಿಂಗಳೂ ತುಂಬಿರಲಿಲ್ಲ, 147 ರೈಲುಗಳಲ್ಲಿ ಸುಮಾರು 4,37,000 ಜನರನ್ನು ಸಾಗಿಸಿ ಆಗಿತ್ತು, ಹೆಚ್ಚುಕಡಿಮೆ ಎಲ್ಲರನ್ನೂ ಪೋಲೆಂಡಿನಲ್ಲಿದ್ದ ನಾಜಿಗಳ ಕೊಲೆ ಶಿಬಿರ ಔಶ್ವಿಟ್ಜ್‌ಗೆ. ಯುದ್ಧ ಮುಗಿಯೋಕೆ ಆಗ ಇನ್ನು ಹತ್ತು ತಿಂಗಳಷ್ಟೇ ಬಾಕಿ.

ಇದನ್ನೆಲ್ಲಾ ಮಾಡಿದವರು ಯಾರು? ಇದರ ಉಸ್ತುವಾರಿಗೆ ಬಂದ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್‌ನ ತಂಡದಲ್ಲಿದ್ದದ್ದು ಒಂದೆರಡು ನೂರು ಜನ. ಅಷ್ಟರಲ್ಲಿ ಒಂದು ದೇಶದ ಹಳ್ಳಿ ಹಳ್ಳಿಗೆ ಹೋಗಿ ಪಟ್ಟಿ ಮಾಡಿ, ಮನೆಯಿಂದ ಎಬ್ಬಿಸಿ, ರೈಲು ಹತ್ತಿಸೋಕೆ ಆಗುತ್ತಾ? ಪಟ್ಟಿ ಮಾಡಿದ್ದು ಊರಿನ ಗುಮಾಸ್ತರು. ಬಾಗಿಲು ಬಡಿದಿದ್ದು ಟೋಪಿಗೆ ಹುಂಜದ ಗರಿ ಸಿಕ್ಕಿಸಿಕೊಂಡ ಹಂಗೇರಿಯ ಗ್ರಾಮೀಣ ಪೊಲೀಸರು. ರೈಲು ಕಳಿಸಿದ್ದು ಅಲ್ಲಿನದೇ ರೈಲ್ವೆ.

ಸೆಗೆಡ್ ಎಂಬ ಪಟ್ಟಣವನ್ನೇ ತಗೊಳ್ಳಿ, ದೇಶದ ದಕ್ಷಿಣದಲ್ಲಿ, ತಿಸಾ ನದಿ ದಡದ ಊರು, ಮೆಣಸಿನಕಾಯಿ ಪುಡಿಗೆ ಹೆಸರುವಾಸಿ. ಮೊದಲು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಸುತ್ತಲಿನ ಬೀದಿಗಳಲ್ಲಿ ಘೆಟ್ಟೋ ಮಾಡಿದರು. ಜೂನ್‌ನಲ್ಲಿ ಅಲ್ಲಿಂದ ಎಬ್ಬಿಸಿ ಇಟ್ಟಿಗೆ ಕಾರ್ಖಾನೆಗೆ ತುಂಬಿದರು. ಹಂಗೇರಿಯ ಎಷ್ಟೋ ಊರುಗಳಲ್ಲಿ ಹೀಗೇ, ಇಟ್ಟಿಗೆ ಕಾರ್ಖಾನೆಯೇ ಬೇಕು, ಯಾಕಂದರೆ ಹಸಿ ಇಟ್ಟಿಗೆ ಒಣಗಿಸುವ ದೊಡ್ಡ ದೊಡ್ಡ ಶೆಡ್ ಇರುತ್ತವೆ, ಪಕ್ಕದಲ್ಲೇ ರೈಲು ಹಳಿ ಇರುತ್ತದೆ. ಗಾಳಿ ಆಡಲಿ ಅಂತ ಆ ಶೆಡ್‌ಗಳಿಗೆ ಗೋಡೆ ಕಟ್ಟುವುದಿಲ್ಲ, ಬರೀ ಚಾವಣಿ. ಅದರ ಕೆಳಗೆ ಮುದುಕರು, ಕೂಸುಗಳು, ಎಲ್ಲರೂ. ಊರಿನ ಮುಖ್ಯ ರಬ್ಬಿ (ಯಹೂದಿ ಧರ್ಮಗುರು) ಇಮ್ಮಾನುವೆಲ್ ಲೋವ್ ಅವರಿಗೆ ಆಗ 90 ವರ್ಷ. ಯಹೂದಿ ಗ್ರಂಥಗಳಲ್ಲಿ ಬರುವ ಗಿಡಮರಗಳ ಬಗ್ಗೆ ಅವರಷ್ಟು ಬಲ್ಲವರು ಇರಲಿಲ್ಲ, 1903ರಲ್ಲಿ ತೆರೆದ ಆ ಭಾರಿ ಸಿನಗಾಗ್‌ನ ಬಣ್ಣದ ಗಾಜಿನಲ್ಲಿ ಏನೇನು ಚಿತ್ರ ಬರಬೇಕು ಅಂತ ಯೋಜನೆ ಮಾಡಿದವರೂ ಅವರೇ. ಅವರನ್ನೂ ಬಿಡಲಿಲ್ಲ. ರೈಲಿಗೆ ಹತ್ತಿಸಿದರು, ಬುಡಾಪೆಸ್ಟ್‌ನಲ್ಲಿ ಹೇಗೋ ಇಳಿಸಿಕೊಂಡರು, ಜುಲೈನಲ್ಲಿ ಅಲ್ಲೇ ತೀರಿಕೊಂಡರು. ಸೆಗೆಡ್‌ನಿಂದ ಹೊರಟಿದ್ದು ಮೂರು ರೈಲು. ಮೊದಲನೆಯದು ಔಶ್ವಿಟ್ಜ್‌ಗೆ. ಮೂರನೆಯದು ಆಸ್ಟ್ರಿಯಾದ ಸ್ಟ್ರಾಸ್‌ಹೋಫ್‌ಗೆ, ಕೂಲಿ ಕೆಲಸಕ್ಕೆ. ಅದರಲ್ಲಿ ಹೋದವರಲ್ಲಿ ಬಹಳ ಜನ, ಮಕ್ಕಳೂ ಸೇರಿ, ಬದುಕಿ ಬಂದರು. ಯಾವ ರೈಲಿಗೆ ತಳ್ಳಿದರು ಅನ್ನೋದರ ಮೇಲೆ ಜೀವ ನಿಂತಿತ್ತು.

ಅದೇ ಸಿನಗಾಗ್‌ನ ಪ್ರವೇಶದ್ವಾರದ ಹಜಾರದಲ್ಲಿ ಅಮೃತಶಿಲೆಯ ಮೇಲೆ ಊರಿನ ಸತ್ತವರ ಹೆಸರಿದೆ. ನೀವು ಕೇಳಿದ ಹಾಗೆ, ಗೋಡೆ ಮೇಲೆ. ಚೆನ್ನಾಗಿದೆ, ಇರಲೇಬೇಕು. ಆದರೆ ಅದನ್ನು ನೋಡೋದು ಅಲ್ಲಿಗಂತಲೇ ಹೋದವರು. ತರಕಾರಿ ತರೋಕೆ ಹೊರಟವನಿಗೆ ಅದು ಕಾಣುವುದಿಲ್ಲ.

ಬುಡಾಪೆಸ್ಟ್‌ನದು ಇನ್ನೊಂದು ತೊಡಕು. ಕಲ್ಲು ಹಾಕೋದು ಆ ವ್ಯಕ್ತಿ ತಾನಾಗಿ ಆರಿಸಿಕೊಂಡು ಇದ್ದ ಕೊನೆಯ ಮನೆ ಎದುರು. ಆದರೆ ಅಲ್ಲಿ 1944ರ ಜೂನ್‌ನಲ್ಲಿ ಯಹೂದಿಗಳನ್ನು ಗುರುತು ಮಾಡಿದ ಕಟ್ಟಡಗಳಿಗೆ ಸ್ಥಳಾಂತರ ಮಾಡಿದರು. ಬಾಗಿಲ ಮೇಲೆ ಹಳದಿ ನಕ್ಷತ್ರ ಇದ್ದ ಇಂಥ ಮನೆಗಳು ಕೊನೆಗೆ 1,944 ಆದವು (ಇಸವಿಯಲ್ಲ, ಮನೆಗಳ ಲೆಕ್ಕ, ಕಾಕತಾಳೀಯ ಅಷ್ಟೇ). ಸುಮಾರು 2,20,000 ಜನ ಕೆಲವೇ ದಿನದಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದರು. ಹಾಗಾಗಿ ಅವರನ್ನು ಎಳೆದೊಯ್ದ ಬಾಗಿಲೇ ಒಂದು, ಕಲ್ಲು ಇರುವ ಬಾಗಿಲೇ ಇನ್ನೊಂದು ಆಗಬಹುದು. ಸರಿಯಾದ ವಿಳಾಸಕ್ಕೆ ಹಳೇ ಕಡತ ಕೆದಕಬೇಕು. ಅದರಲ್ಲಿ ಮದುವೆಯಾದ ಹೆಂಗಸರು ಗಂಡನ ಹೆಸರಲ್ಲೇ ದಾಖಲಾಗಿರುತ್ತಿದ್ದರು, ಅವರ ಸ್ವಂತ ಹೆಸರು ಸಿಗೋದು ಇನ್ನೂ ಕಷ್ಟ.

ದೊಡ್ಡ ಸ್ಮಾರಕ ಕಟ್ಟಿದ್ದರೆ ಸಾಕಿತ್ತಲ್ಲ ಅನ್ನೋರಿಗೆ ಬುಡಾಪೆಸ್ಟ್‌ನಲ್ಲೇ ಉದಾಹರಣೆ ಇದೆ. 2014ರಲ್ಲಿ ಅಲ್ಲಿನ ಸರ್ಕಾರ ಸ್ವಾತಂತ್ರ್ಯ ಚೌಕದಲ್ಲಿ ಜರ್ಮನ್ ಆಕ್ರಮಣದ ಸ್ಮಾರಕ ನಿಲ್ಲಿಸಿತು. ಹಂಗೇರಿ ಅಂದರೆ ದೇವದೂತ ಗೇಬ್ರಿಯಲ್, ಮೇಲಿಂದ ಎರಗುವ ಹದ್ದು ಜರ್ಮನಿ. ಅಂದರೆ ಇಡೀ ದೇಶವೇ ಅಮಾಯಕ, ತಪ್ಪೆಲ್ಲಾ ಹೊರಗಿನವರದ್ದು. ಜನ ರೊಚ್ಚಿಗೆದ್ದರು. ಅದರ ಎದುರೇ ತಮ್ಮ ಮನೆಯವರ ಫೋಟೋ, ಸೂಟ್‌ಕೇಸ್, ಕನ್ನಡಕ, ಕೈಬರಹದ ಚೀಟಿ ತಂದಿಟ್ಟರು, ಅದೇ ಒಂದು ಪ್ರತಿಸ್ಮಾರಕ ಆಯಿತು. ದೇವದೂತನ ಪ್ರತಿಮೆಗೆ ಯಾರ ವಿಳಾಸವೂ ಇಲ್ಲ. ಕಲ್ಲಿಗೆ ಇದೆ. ನನಗೆ ಅದಕ್ಕೇ ಕಲ್ಲು ಮೇಲು ಅನ್ನಿಸೋದು.

ಕೊರತೆಗಳೂ ಇವೆ. ಹಂಗೇರಿಯ ಯಹೂದಿಗಳಲ್ಲಿ ಕೊಲೆಯಾದವರು ಐದು ಲಕ್ಷಕ್ಕೂ ಜಾಸ್ತಿ, ಕಲ್ಲುಗಳು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಹುಡುಕಿ ಹಾಕಿಸೋ ಸಂಬಂಧಿಕರು ಇದ್ದವರಿಗೆ ಕಲ್ಲು ಸಿಗುತ್ತದೆ, ಇಡೀ ವಂಶವೇ ಹೋದವರಿಗೆ ಯಾರೋ ಹೊರಗಿನವರು ಮುತುವರ್ಜಿ ವಹಿಸಬೇಕು. ಕದಿಯುವವರೂ ಇದ್ದಾರೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ 2012ರಲ್ಲಿ ಊರಿನ 11 ಕಲ್ಲನ್ನೂ ಕಿತ್ತುಕೊಂಡು ಹೋದರು, ರೋಮ್‌ನಲ್ಲಿ 2018ರಲ್ಲಿ ಒಂದೇ ಬೀದಿಯಿಂದ 20.

ನೀವು ಅಲ್ಲಿಗೆ ಹೋದಾಗ ಏನು ಮಾಡಬೇಕು? ಗೊತ್ತಿಲ್ಲದೆ ಕಾಲಿಟ್ಟರೆ ಗಾಬರಿ ಬೇಡ, ಯಾರೂ ಬೈಯುವುದಿಲ್ಲ. ಗೊತ್ತಾದ ಮೇಲೆ ಪಕ್ಕಕ್ಕೆ ಸರಿದು ಹೋಗಬೇಕು ಅನ್ನಿಸಿದರೆ ಸರಿಯಿರಿ, ಅಲ್ಲಿಯವರೂ ಎಷ್ಟೋ ಜನ ಹಾಗೇ ಮಾಡುತ್ತಾರೆ. ಓದೋಕೆ ನಾಲ್ಕು ಮಾತು ಸಾಕು: ಇತ್ತ್ ಲಕೋತ್ತ್ ಅಂದರೆ ಇಲ್ಲಿ ವಾಸವಿದ್ದರು, ಸುಲೆತೆತ್ತ್ ಅಂದರೆ ಹುಟ್ಟಿದ್ದು, ದೆಪೋರ್ತಾಲ್ತಾಕ್ ಅಂದರೆ ಗಡೀಪಾರು ಮಾಡಿದರು, ಮೆಗ್‌ಗಿಲ್ಕೋಲ್ತಾಕ್ ಅಂದರೆ ಕೊಂದರು. ಹೆಸರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಏಪ್ರಿಲ್ 16 ಹಂಗೇರಿಯಲ್ಲಿ ಹಾಲೊಕಾಸ್ಟ್‌ನಲ್ಲಿ, ಅಂದರೆ ನಾಜಿಗಳ ಕಾಲದ ಈ ನರಮೇಧದಲ್ಲಿ, ಸತ್ತವರ ನೆನಪಿನ ದಿನ, ಹೋಗೋದು ಆ ಸುಮಾರಿಗಾದರೆ ಗಮನದಲ್ಲಿರಲಿ. ಮಂಡಿಯೂರಿ ಬಟ್ಟೆಯಿಂದ ಹಿತ್ತಾಳೆ ಉಜ್ಜುತ್ತಾ ಕೂತವರು ಕಂಡರೆ ಮಾತಾಡಿಸಿ, ಮನೆಯವರೋ ಅಕ್ಕಪಕ್ಕದವರೋ ಆಗಿರುತ್ತಾರೆ. ಫೋಟೋ ತೆಗೆಯೋದಾದರೆ ಕಲ್ಲಿನದಷ್ಟೇ ಹತ್ತಿರದಿಂದ ತೆಗೆದು ಬರಬೇಡಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಬಾಗಿಲು, ಮನೆ ನಂಬರು, ಪಕ್ಕದ ಮನೆಯ ಕಿಟಕಿ ಎಲ್ಲಾ ಬರುವ ಹಾಗೆ ಇನ್ನೊಂದು ತೆಗೆಯಿರಿ.